ಮೈನಸ್ ಎರಡು ಸೆಕೆಂಡು

ಮೇಡಂ ನಿವೃತ್ತಿಯ ಬೀಳ್ಕೊಡುಗೆಯ ದಿನ ಮಾತಾಡಲು ನನಗೆ ಐದು ನಿಮಿಷ ಕೊಟ್ಟಿದ್ದರು. ನಾನು ಹನ್ನೊಂದು ಪುಟ ಬರೆದುಕೊಂಡು ಹೋಗಿದ್ದೆ. ಕನ್ನಡಕ ಮರೆತರೆ ಇರಲೆಂದು ದಪ್ಪ ಅಕ್ಷರದಲ್ಲಿ ಬರೆದ ಇನ್ನೊಂದು ಪ್ರತಿಯೂ ಚೀಲದಲ್ಲಿತ್ತು. ಕನ್ನಡಕ ಮೂಗಿನ ಮೇಲೇ ಇತ್ತು, ಮೈಕ್ ಕೂಡ ಕೆಡಲಿಲ್ಲ. ಕೆಟ್ಟದ್ದು ಗಂಟಲು. "ಮೇಡಂ ಅವರು..." ಎಂದೆ. ಪುಟ ತಿರುವಿ ಇನ್ನೊಮ್ಮೆ "ಮೇಡಂ ಅವರು" ಎಂದೆ. ಬಂದು ಕೂತೆ. ಪಕ್ಕದಲ್ಲಿದ್ದ ಕೆಮಿಸ್ಟ್ರಿ ಸರ್ ನನ್ನ ತೊಡೆ ತಟ್ಟಿ, "ಛಲೋ ಮಾತಾಡಿದ್ರಿ ಸರ. ಊಟ ತಡ ಆಗಲಿಲ್ಲ" ಎಂದರು.

ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ಫಿಸಿಕ್ಸಿನ ಲೆಕ್ಕಗಳಲ್ಲಿ ಯಾವಾಗಲೂ 'ಒಬ್ಬ ಹುಡುಗ ಒಂದು ಕಲ್ಲನ್ನು ಎಸೆಯುತ್ತಾನೆ' ಎಂದಿರುತ್ತದೆ. ಆ ಹುಡುಗನಿಗೆ ಹೆಸರಿಲ್ಲ, ಊರಿಲ್ಲ, ಕಲ್ಲು ಬಿದ್ದು ಯಾರ ಮನೆಯ ಹೆಂಚು ಒಡೆಯಿತೆಂದು ಯಾರೂ ವಿಚಾರಿಸುವುದಿಲ್ಲ. ಮೇಡಂಗೆ ಇದು ಬಹಳ ಸೇರುತ್ತಿತ್ತು. "ಹೆಸರು ಹಾಕಿದ್ರ ಮಂದಿ ಹುಡುಗನ್ನ ನೋಡ್ತಾರ. ಹೆಸರಿಲ್ಲಂದ್ರ ಕಲ್ಲು ನೋಡ್ತಾರ" ಎನ್ನುತ್ತಿದ್ದರು.

ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವರ ಕಥೆ ತಿಳಿಯುವುದಿಲ್ಲ. ಹುಟ್ಟಿದ್ದು ದೇವದುರ್ಗದಲ್ಲಿ, ಈಗ ಇರುವುದು ರಾಯಚೂರಿನ ಬಾಡಿಗೆ ಮನೆಯಲ್ಲಿ. ಕಲ್ಲೂರಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಹೇಳಿದೆ. ಹೂವಿನ ಭಾಗಗಳು, ಹೃದಯದ ನಾಲ್ಕು ಕೋಣೆಗಳು, ಆಮ್ಲ ಮತ್ತು ಪ್ರತ್ಯಾಮ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ನಿದ್ದೆಯೂ ಚೆನ್ನಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ಬಡ್ತಿ ಬಂತು. ಯಾವಾಗಲೋ ಮಾಡಿಟ್ಟಿದ್ದ ಎಂ.ಎಸ್ಸಿ. ಪದವಿಯ ದೆಸೆಯಿಂದ ನಾನು ಮಾನ್ವಿಯ ಒಂದು ಪಿಯು ಕಾಲೇಜಿಗೆ ಫಿಸಿಕ್ಸ್ ಲೆಕ್ಚರರ್ ಆದೆ. ಮನೆಯಲ್ಲಿ ಹೋಳಿಗೆ ಮಾಡಿದರು. ಆದರೆ ಇಪ್ಪತ್ತು ವರ್ಷದ ಹಿಂದೆ ಓದಿದ ಫಿಸಿಕ್ಸ್ ನನ್ನ ತಲೆಯಿಂದ ಎಂದೋ ಊರು ಬಿಟ್ಟು ಹೋಗಿತ್ತು. ಹೋಗುವಾಗ ಹೇಳಿಯೂ ಹೋಗಿರಲಿಲ್ಲ.

ಬಡ್ತಿಯ ಆದೇಶ ಕೈಗೆ ಬಂದ ಸಂಜೆಯೇ ಒಂದು ಅರ್ಜಿ ಬರೆದೆ. ಆರೋಗ್ಯದ ಕಾರಣದಿಂದ ಈ ಬಡ್ತಿ ನನಗೆ ಬೇಡ, ದಯವಿಟ್ಟು ಹಳೆಯ ಹುದ್ದೆಗೇ ಕಳಿಸಿಕೊಡಬೇಕು ಎಂದು. ಯಾವ ರೋಗ ಎಂದು ಬರೆಯಲಿಲ್ಲ, ಅದರ ಹೆಸರು ಹೆದರಿಕೆ. ಸಹಿ ಮಾಡಿ, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಬೇಕಾದಾಗ ಕೊಟ್ಟರಾಯಿತು. ಅಂಗಿ ಬದಲಿಸಿದಾಗ ಅರ್ಜಿಯೂ ಜೇಬು ಬದಲಿಸುತ್ತಿತ್ತು.

ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಕಲ್ಲೂರಿನಲ್ಲಿ ನಿಲ್ಲುತ್ತದೆ. ಮೊದಲ ದಿನ ಮಾನ್ವಿಗೇ ಟಿಕೆಟ್ ತೆಗೆಸಿದ್ದೆ. ಕಲ್ಲೂರು ಬಂತು. ಹದಿನೆಂಟು ವರ್ಷ ಅಲ್ಲಿ ಇಳಿದ ಕಾಲುಗಳು ಎದ್ದವು, ಇಳಿದವು. ಕಾಲು ಇಳಿಯಿತೋ ನಾನೇ ಇಳಿದೆನೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಬಸ್ಸು ಹೊರಟಿತು. ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಹಿಂದೆಯೇ ದನಿ.

"ಸರ! ಮಾನ್ವಿ ಇನ್ನೂ ಮುಂದದರಿ!"

ಐವತ್ತು ಹೆಜ್ಜೆ ಮುಂದೆ ಬಸ್ಸು ನಿಂತಿತು. ಓಡಿ ಹತ್ತಿದೆ. ಕೂಗಿದವರು ಒಬ್ಬ ಗಿಡ್ಡನೆಯ ಹೆಂಗಸು, ಐವತ್ತೆಂಟು ಐವತ್ತೊಂಬತ್ತರ ಪ್ರಾಯ. ನೂಲಿನ ಸೀರೆ, ತೊಡೆಯ ಮೇಲೆ ಬಟ್ಟೆಯ ಚೀಲ, ಬಲಗೈ ಬೆರಳುಗಳ ಸಂದಿನಲ್ಲಿ ತೊಳೆದರೂ ಹೋಗದ ಚಾಕ್‌ಪೀಸಿನ ಬಿಳುಪು.

"ನಾ ಮಾನ್ವಿಗೆ ಹೋಗೋನು ಅಂತ ನಿಮಗ ಹೆಂಗ ಗೊತ್ತಾತ್ರಿ?" ಎಂದೆ ಏದುಸಿರಿನಲ್ಲಿ.

"ಸ್ಟ್ಯಾಂಡಿನ್ಯಾಗ ಮೂರು ಮಂದೀನ ಕೇಳಿದ್ರಲ್ರಿ, ಈ ಬಸ್ಸು ಮಾನ್ವಿಗೆ ಹೋಗತದೇನು ಅಂತ. ಮೂರನೇದಾಕಿ ನಾನ. ಯಾವ ಸಬ್ಜೆಕ್ಟ್ರಿ?"

"ಫಿಸಿಕ್ಸ್ ರೀ."

"ಓ, ಬರ್ರಿ ಬರ್ರಿ. ನಂದೂ ಅದ. ನೀವು ಬರ್ತೀರಂತ ಎರಡು ತಿಂಗಳಿಂದ ಕಾಯಾಕತ್ತೀನಿ."

ಕುಳಿತ ಮೇಲೆ ಚೀಲದಿಂದ ಒಂದು ಮೋಸಂಬಿ ತೆಗೆದರು. ನನಗೆ ಕೊಡುತ್ತಾರೆ ಅಂದುಕೊಂಡು ಕೈ ಚಾಚಿದೆ. ಅವರು ಅದನ್ನು ನೆಟ್ಟಗೆ ಮೇಲಕ್ಕೆ ಚಿಮ್ಮಿದರು. ಓಡುವ ಬಸ್ಸಿನಲ್ಲಿ ಅದು ಮೇಲೆ ಹೋಗಿ ಅವರದೇ ಕೈಗೆ ಬಂದು ಬಿತ್ತು. ನಾನು ಚಾಚಿದ ಕೈಯನ್ನು ತಲೆ ಕೆರೆದುಕೊಳ್ಳಲು ಬಳಸಿದೆ.

"ಯಾಕ್ರಿ ಸರ ಇದು ಹಿಂದಿನ ಸೀಟಿಗೆ ಬೀಳಲಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಆದರೆ ಪರೀಕ್ಷೆ ಮಾಡುತ್ತಿದ್ದಾರೆ ಎಂಬ ಗುಮಾನಿಯಲ್ಲಿ "ನೋಡಬೇಕ್ರಿ" ಎಂದೆ. ಏನನ್ನು ನೋಡಬೇಕೋ ದೇವರೇ ಬಲ್ಲ. ಅವರೇ ಹೇಳಿದರು, "ಹಣ್ಣಿಗೆ ಬಸ್ಸು ಓಡಾಕತ್ತದ ಅನ್ನೂದ ಗೊತ್ತಿಲ್ಲ. ಅದಕ್ಕ ಹೆದರಿಕಿನೂ ಇಲ್ಲ."

ಅವರು ಪರೀಕ್ಷೆ ಮಾಡುತ್ತಿರಲಿಲ್ಲ. ದಿನಾ ಹಾಗೇ ಚಿಮ್ಮುತ್ತಿದ್ದರು, ನನ್ನನ್ನು ನೋಡುವ ಮೊದಲಿನಿಂದಲೂ. ಮೂವತ್ತು ವರ್ಷದಿಂದ ಗೊತ್ತಿರುವ ಸಂಗತಿ ಇವತ್ತೂ ನಿಜವೇ ಎಂದು ನೋಡುವ ಆಸೆ ಅವರಿಗೆ ತೀರಿರಲಿಲ್ಲ. ಒಮ್ಮೆ ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ, "ಯವ್ವಾ, ಹಣ್ಣು ತಿನ್ನಾಕ ತಂದೀದಿ ಏನು ಆಡಾಕ ತಂದೀದಿ?" ಎಂದಳು. "ಮೊದಲ ಆಡತೀನಿ, ಆಮ್ಯಾಲ ತಿಂತೀನಿ ಯವ್ವಾ" ಎಂದು ಅರ್ಧ ಹಣ್ಣು ಮುದುಕಿಗೇ ಕೊಟ್ಟರು. ಕಂಡಕ್ಟರನಿಗೆ ಮಾತ್ರ ನಾನೇ ಆಟದ ಸಾಮಾನು. ಆ ಮೊದಲ ದಿನದಿಂದ ಹಿಡಿದು ಪ್ರತಿ ಬೆಳಿಗ್ಗೆ ನನ್ನ ಹತ್ತಿರ ಬಂದು, "ಸರ, ಇವತ್ತು ಮಾನ್ವಿ ಖಾಯಂ ಏನ್ರಿ? ಇಲ್ಲಾ ಕಲ್ಲೂರಿಗೆ ಟಿಕೀಟು ಕೊಡ್ಲಿ?" ಎಂದು ಕೇಳುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಜೇಬು ಮುಟ್ಟಿಕೊಂಡು.

ಮೇಡಂ ಅವರ ಕ್ಲಾಸಿನ ಹೊರಗೆ ನಿಂತು ಕೇಳುವುದು ನನ್ನ ಮೊದಲ ತಿಂಗಳ ಕೆಲಸ. ಪ್ರೊಜೆಕ್ಟೈಲ್ ಪಾಠ ನಡೆದಿತ್ತು. ಎಸೆದ ವಸ್ತು ಬಾಗಿದ ದಾರಿಯಲ್ಲಿ ಹೋಗಿ ಬೀಳುವ ಲೆಕ್ಕಗಳು. ಹುಡುಗರೆಲ್ಲ ಹತ್ತನೆಯ ತನಕ ಕನ್ನಡದಲ್ಲಿ ಓದಿ ಬಂದವರು, ಇಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ. ಮೇಡಂ ಲೆಕ್ಕ ಬಿಡಿಸುವ ಮೊದಲು ಅದನ್ನು ರಾಯಚೂರಿನ ಮಾತಿಗೆ ತರಿಸುತ್ತಿದ್ದರು. "ಪುಸ್ತಕ ಮುಚ್ಚು. ಏನಾಗೇದ ಅಂತ ನಿಮ್ಮವ್ವಗ ಹೇಳಿದಂಗ ಹೇಳು. ಕಲ್ಲು ಒಗದಾನೋ, ಕೈ ಬಿಟ್ಟಾನೋ?" ಒಗೆಯುವುದು ಬೇರೆ, ಕೈಬಿಡುವುದು ಬೇರೆ. ಅರ್ಧ ಲೆಕ್ಕ ಅಲ್ಲಿಯೇ ಮುಗಿಯುತ್ತದೆ ಎನ್ನುತ್ತಿದ್ದರು.

ಆಮೇಲೆ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಕ್ಕೆ 'ಅಡ್ಡ', ಬಲಕ್ಕೆ 'ಮ್ಯಾಲ-ಕೆಳಗ'.

"ಇಬ್ರು ಅಣ್ಣತಮ್ಮರು ಅದಾರ. ಮಾತು ಬಿಟ್ಟಾರ. ಮನಿ ನಡು ಗ್ವಾಡಿ ಎದ್ದದ. ಅಡ್ಡ ಹೋಗೋ ತಮ್ಮಗ ಅಣ್ಣ ಏರಾಕತ್ಯಾನೋ ಇಳಿಯಾಕತ್ಯಾನೋ ಗೊತ್ತಿಲ್ಲ. ಅವ ತನ್ನ ಪಾಡಿಗೆ ಒಂದೇ ನಮೂನಿ ನಡೀತಾನ. ಅಣ್ಣಗ ತಮ್ಮನ ಸುದ್ದಿ ಬೇಕಿಲ್ಲ. ಆದ್ರ ಅಂಗಳದಾಗ ನಳ ಒಂದ. ಇಬ್ರೂ ಅಲ್ಲಿಗೆ ಬರಲೇಬೇಕು. ಆ ನಳಕ್ಕ ಏನಂತೀವಿ?"

"ಟೈಮ್ ರೀ!" ಇಡೀ ಕ್ಲಾಸು.

"ಹಾಂ. ಇಲ್ಲಿ ಟೈಮ್ ತುಂಬಿಕೋ, ಗ್ವಾಡಿ ದಾಟಿ ಅಲ್ಲಿ ಸುರುವು."

ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಮಾನ್ವಿಯ ಮಕ್ಕಳಿಗೆ ನಳದ ವಿಷಯ ಹೇಳಿಕೊಡಬೇಕಿರಲಿಲ್ಲ. ಒಬ್ಬ ಹುಡುಗ ಟೆಸ್ಟಿನಲ್ಲಿ 'ಟೈಮ್' ಎಂದು ಬರೆಯುವ ಕಡೆಯಲ್ಲೆಲ್ಲ 'ನಳ' ಎಂದೇ ಬರೆದಿದ್ದ. ನಳ ಮೂರು ಸೆಕೆಂಡು, ನಳ ಐದು ಸೆಕೆಂಡು. ಮೇಡಂ ಪೂರಾ ಅಂಕ ಕೊಟ್ಟು, ಕೆಳಗೆ 'ವಾರ್ಷಿಕ ಪರೀಕ್ಷೆಯಲ್ಲಿ ಹೀಗೆ ಬರೆಯಬೇಡ, ಪೇಪರ್ ನೋಡುವವರ ಊರಲ್ಲಿ ದಿನಾ ನೀರು ಬರುತ್ತಿರಬಹುದು' ಎಂದು ಬರೆದಿದ್ದರು.

ಮೇಜಿನ ಅಂಚಿನಿಂದ ಎರಡು ಗೋಲಿ ಬೀಳಿಸುವುದು ಅವರ ಇನ್ನೊಂದು ಆಟ. ಒಂದನ್ನು ಸುಮ್ಮನೆ ಕೈಬಿಡುವುದು, ಅದೇ ಗಳಿಗೆಗೆ ಇನ್ನೊಂದನ್ನು ಬೆರಳಿನಿಂದ ಅಡ್ಡ ಚಿಮ್ಮುವುದು. "ಕಣ್ಣು ಮುಚ್ರಿ. ಕಣ್ಣು ಸುಳ್ಳು ಹೇಳತದ, ಕಿವಿಲೆ ನೋಡ್ರಿ. ಎಷ್ಟು ಸಪ್ಪಳ?" ಒಂದೇ ಸಪ್ಪಳ. ದೂರ ಹೋಗಿದ್ದೂ ಕಾಲಬುಡದಲ್ಲಿ ಬಿದ್ದದ್ದೂ ಒಂದೇ ಸಲ ನೆಲ ಮುಟ್ಟಿದವು. ನಾನು ಇದನ್ನು ಮನೆಯಲ್ಲಿ ಎರಡು ಸ್ಟೀಲಿನ ಬಟ್ಟಲುಗಳಲ್ಲಿ ಮಾಡಿ ನೋಡಿದೆ. ಮೂರು ಸಪ್ಪಳ ಕೇಳಿದವು. ಮೂರನೆಯದು ಹೆಂಡತಿಯದು.

ಈ ಕುತೂಹಲ ಎಲ್ಲಿಂದ ಬಂತು ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದೆ. ಅವರು ರಾಯಚೂರಿನ ಒಂದು ರೈಸ್ ಮಿಲ್ಲಿನ ಹೆಸರು ಹೇಳಿದರು. ಅವರ ತಾಯಿ ಅಲ್ಲಿ ಭತ್ತದ ಬುಟ್ಟಿ ಹೊರುತ್ತಿದ್ದರಂತೆ. ಬುತ್ತಿ ಕೊಡಲು ಹೋದ ಹುಡುಗಿ ಅಂಗಳದಲ್ಲಿ ಕೂತು, ಪೈಪಿನ ಬಾಯಿಂದ ಹಾರಿ ಬಾಗಿ ಬೀಳುವ ಭತ್ತವನ್ನು ನೋಡುತ್ತಿದ್ದಳಂತೆ. ಕಾಳು ದೂರ ಹೋಗಿ ಬೀಳುತ್ತಿತ್ತು, ಹೊಟ್ಟು ಸ್ವಲ್ಪ ಹೋಗಿ ಗಾಳಿಯಲ್ಲಿ ದಾರಿ ತಪ್ಪುತ್ತಿತ್ತು. "ದಿನಾ ಅದೇ ಜಾಗಕ್ಕ ಯಾಕ ಬೀಳತದ ಅಂತ ಅವ್ವನ್ನ ಕೇಳಿದ್ನಿ. ಬೀಳ್ದ ಏನ್ ಮಾಡತದ, ನನ್ನಂಗ ಅದಕ್ಕೂ ಬ್ಯಾರೆ ಜಾಗ ಎಲ್ಲೈತಿ ಅಂದ್ಲು." ಇಷ್ಟು ಹೇಳಿ ನಕ್ಕು, ಮೋಸಂಬಿ ಚಿಮ್ಮಿದರು.

ಆಮೇಲೆ ನನ್ನ ಸರದಿ ಬಂತು. ಇನ್ನೊಂದು ಸೆಕ್ಷನ್ನಿಗೆ ಇದೇ ಪಾಠವನ್ನು ನಾನು ಮಾಡಬೇಕಿತ್ತು. ಹಿಂದಿನ ದಿನ ಒಂದು ಲೆಕ್ಕವನ್ನು ಆರು ಸಲ ಮಾಡಿ ಹೋದೆ. ಆರು ಸಲವೂ ಒಂದೇ ಉತ್ತರ ಬಂದಿತ್ತಾದ್ದರಿಂದ ಧೈರ್ಯವಿತ್ತು. ಒಂದೇ ತಪ್ಪನ್ನು ಆರು ಸಲ ಮಾಡಿದರೂ ಒಂದೇ ಉತ್ತರ ಬರುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಲೆಕ್ಕ ಇಷ್ಟೇ. ನಲವತ್ತು ಮೀಟರ್ ಎತ್ತರದ ನೀರಿನ ಟಾಕಿಯ ಮೇಲೆ ನಿಂತು ಒಬ್ಬ ಹುಡುಗ ಕಲ್ಲನ್ನು ಓರೆಯಾಗಿ ಮೇಲಕ್ಕೆ ಎಸೆಯುತ್ತಾನೆ. ಮೇಲ್ಮುಖದ ವೇಗ ಸೆಕೆಂಡಿಗೆ ಹತ್ತು ಮೀಟರ್, ಅಡ್ಡ ವೇಗ ಹದಿನೈದು. ಕಲ್ಲು ಎಷ್ಟು ದೂರ ಬೀಳುತ್ತದೆ? ನಾನು ಬೋರ್ಡಿನ ಮೇಲೆ ಎರಡು ಸೆಕೆಂಡು, ಮೂವತ್ತು ಮೀಟರ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಬಾಗಲವಾಡದಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ, ಸುಮ್ನ ಕೈ ಬಿಟ್ರನ ಎರಡೂವರಿ ಸೆಕೆಂಡಿನ ಮ್ಯಾಲ ಬೇಕಾಗತದಲ್ರಿ. ಮ್ಯಾಲಕ ಒಗದ್ರ ಇನ್ನಾ ತಡ ಆಗಬೇಕು. ಜಲ್ದಿ ಹೆಂಗ ಬಂತ್ರಿ?"

ಅವಳು ಕೇಳಿದ್ದು ನೂರಕ್ಕೆ ನೂರು ಸರಿ ಎಂದು ನನಗೆ ಆ ಕ್ಷಣವೇ ತಿಳಿಯಿತು. ಎಲ್ಲಿ ತಪ್ಪಿದೆ ಎಂದು ತಿಳಿಯಲಿಲ್ಲ.  ಬಾಯಿ ತನ್ನಷ್ಟಕ್ಕೆ ತೆರೆದುಕೊಂಡು ಹೇಳಿತು, "ಗಾಳಿ."

"ಗಾಳಿ ಏನ್ರಿ?"

"ಗಾಳಿ ಇದ್ರ ಜಲ್ದಿ ಬರ್ತದ. ಕುಂದ್ರು."

ಅವಳು ಕೂತಳು. ಆದರೆ ನೋಟಿನಲ್ಲಿ ನನ್ನ ಉತ್ತರ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕೈಕಟ್ಟಿದಳು. ಹದಿನೆಂಟು ವರ್ಷದಲ್ಲಿ ಒಂದು ಮಗುವೂ ನನ್ನ ಮುಂದೆ ಹಾಗೆ ಪೆನ್ನು ಮುಚ್ಚಿರಲಿಲ್ಲ. ಇವತ್ತೇ ಅರ್ಜಿ ಕೊಡುವುದೆಂದು ನಿಶ್ಚಯಿಸಿ ಸ್ಟಾಫ್ ರೂಮಿಗೆ ಬಂದೆ.

ಮೇಡಂ ಒಬ್ಬರೇ ಇದ್ದರು. ನನ್ನ ಮುಖ ನೋಡಿ, "ಯಾಕ್ರಿ, ಯಾವ ಲೆಕ್ಕ ಕೈ ಕೊಡ್ತು?" ಎಂದರು. ಹೇಳಿದೆ. ಗಾಳಿಯ ವಿಷಯವನ್ನೂ ಹೇಳಿದೆ. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಅದೊಂದೇ ಸಲ ನೋಡಿದ್ದು. ಕಣ್ಣೊರೆಸಿಕೊಂಡು, "ಗಾಳಿ ಪೂರಾ ಸುಳ್ಳಲ್ರಿ, ಭತ್ತದ ಹೊಟ್ಟಿಗಾದ್ರ ದಾರಿ ತಪ್ಪಸ್ತದ. ಕಲ್ಲಿಗೆ ಮಾನ್ವಿ ಗಾಳಿ ಸಾಲಂಗಿಲ್ಲ. ಒಂದು ಹಾಳಿ ಕೊಡ್ರಿ, ಮಾಡೋಣ" ಎಂದರು. ಜೇಬಿಗೆ ಕೈ ಹಾಕಿ, ಸಿಕ್ಕ ಹಾಳೆ ಬಿಡಿಸಿ, ಖಾಲಿ ಮಗ್ಗುಲು ಮೇಲೆ ಮಾಡಿ ಮೇಜಿನ ಮೇಲಿಟ್ಟೆ. ಗಾಬರಿಯಲ್ಲಿ ಯಾವ ಹಾಳೆ ಎಂದು ನೋಡಲಿಲ್ಲ.

ನಡುವೆ ಗೆರೆ. ಅಡ್ಡ, ಮ್ಯಾಲ-ಕೆಳಗ. ನನ್ನ ಕೈಯಲ್ಲೇ ಮಾಡಿಸಿದರು. ತಪ್ಪು ಬಲಗಡೆಯಲ್ಲಿತ್ತು. ಮೇಲೆ ಹೋಗುವ ವೇಗಕ್ಕೂ ಕೆಳಗೆ ಎಳೆಯುವ ಭೂಮಿಗೂ ನಾನು ಒಂದೇ ಚಿಹ್ನೆ ಹಾಕಿದ್ದೆ, ಎರಡೂ ಪ್ಲಸ್.

"ಸರ, ನಿಮ್ಮ ಉತ್ತರ ತಪ್ಪಲ್ಲ. ಬ್ಯಾರೆ ಲೆಕ್ಕದ ಸರಿ ಉತ್ತರ ಅದು. ಹುಡುಗ ಕಲ್ಲು ಮ್ಯಾಲಕ ಒಗದಿದ್ದ. ನೀವು ಹೆದರಿ ಕೆಳಗ ಒಗದೀರಿ."

ಚಿಹ್ನೆ ತಿದ್ದಿ ಮತ್ತೆ ಮಾಡಿದೆ. ಎರಡು ಉತ್ತರ ಬಂದವು. ನಾಲ್ಕು ಸೆಕೆಂಡು, ಮೈನಸ್ ಎರಡು ಸೆಕೆಂಡು. ನಾಲ್ಕನ್ನು ಅಡ್ಡ ಮನೆಗೆ ಸುರಿದರೆ ಅರವತ್ತು ಮೀಟರ್. ಹಗುರಾಗಿ, ಮೈನಸ್ ಎರಡನ್ನು ಹೊಡೆದು ಹಾಕಲು ಹೋದೆ. ಮೇಡಂ ನನ್ನ ಪೆನ್ನು ಹಿಡಿದರು.

"ಎಲ್ಲಾರೂ ಇದನ್ನ ಹೊಡದು ಹಾಕತಾರ. ಹೊಡೀರಿ, ಆದ್ರ ಮೊದಲ ಅದು ಏನು ಹೇಳಾಕತ್ತದ ಕೇಳ್ರಿ."

"ಟೈಮ್ ಮೈನಸ್ ಇರಾಕ ಹೆಂಗ ಸಾಧ್ಯ ರೀ?"

"ನೋಡ್ರಿ. ಟಾಕಿ ಹಿಂದ, ಮೂವತ್ತು ಮೀಟರ್ ದೂರ, ನೆಲದ ಮ್ಯಾಲ ಯಾರೋ ನಿಂತಾರ ಅನ್ಕೋರಿ. ಎರಡು ಸೆಕೆಂಡ್ ಮೊದಲ ಅವರು ಒಗದಿದ್ರ, ಕಲ್ಲು ಬರೋಬ್ಬರಿ ಇದೇ ಗಳಿಗಿಗೆ, ಇದೇ ವೇಗದಾಗ ಟಾಕಿ ಮ್ಯಾಲ ಬರತಿತ್ತು. ಅಲ್ಲಿಂದ ಮುಂದಿನ ದಾರಿ ಎರಡೂ ಒಂದ. ಕಲ್ಲು ಟಾಕಿಯಿಂದ ಹೊಂಟಿತೋ ನೆಲದಿಂದ ಹೊಂಟಿತೋ, ನೋಡೋರಿಗೆ ಗುರ್ತು ಹತ್ತಂಗಿಲ್ಲ." ಹಾಳೆಯ ಮೇಲೆ ಬೆರಳಿಟ್ಟರು. "ಒಂದ ಫರಕು. ಟಾಕಿ ಮ್ಯಾಲಿನ ಹುಡುಗ ಹತ್ತರ ವೇಗದಾಗ ಒಗದ್ರ ಸಾಕು. ನೆಲದ ಮ್ಯಾಲ ನಿಂತೋರು ಮೂವತ್ತರಾಗ ಒಗೀಬೇಕು. ಮೂರು ಪಟ್ಟು."

ನಾನು ಲೆಕ್ಕ ಹಾಕಿ ನೋಡಿದೆ. ನಿಜವಾಗಿಯೂ ಮೂವತ್ತೇ ಬಂತು. ದೇವದುರ್ಗದಲ್ಲಿ ರಸ್ತೆಯ ಕೆಲಸಕ್ಕೆ ಜಲ್ಲಿ ಹೊರುತ್ತಿದ್ದ ನನ್ನ ಅಪ್ಪನ ಹೆಗಲು ಏಕೋ ನೆನಪಾಯಿತು. ಮೇಡಂಗೆ ಮಿಲ್ಲಿನ ಭತ್ತದ ಬುಟ್ಟಿ ನೆನಪಾಗಿತ್ತೋ ಏನೋ. 

ಬರೆಯಲು ಇನ್ನಷ್ಟು ಜಾಗ ಬೇಕಾಗಿ ಅವರು ಹಾಳೆ ತಿರುವಿದರು.

ಆಗ ನನಗೆ ಅದು ಯಾವ ಹಾಳೆ ಎಂದು ತಿಳಿಯಿತು. ಕಸಿದುಕೊಳ್ಳಲೇ ಅನ್ನಿಸಿತು.  ಅವರು ಉತ್ತರ ಪತ್ರಿಕೆ ಓದುವ ಹಾಗೆ, ಅವಸರವಿಲ್ಲದೆ, 'ಮಾನ್ಯರೇ'ಯಿಂದ ನನ್ನ ಸಹಿಯವರೆಗೂ ಓದಿದರು. ಚೀಲದಿಂದ ಕೆಂಪು ಪೆನ್ನು ತೆಗೆದರು. 'ದಿನಾಂಕ' ಎಂದು ಬರೆದು ನಾನು ಖಾಲಿ ಬಿಟ್ಟಿದ್ದ ಜಾಗಕ್ಕೆ ಒಂದು ಸುತ್ತು ಹಾಕಿದರು.

"ತಾರೀಖ ಹಾಕಿಲ್ಲಲ್ರಿ ಸರ."

"ಇಲ್ಲರಿ... ಇನ್ನಾ ಹಾಕಿಲ್ಲ."

"ಟೈಮ್ ಇಲ್ದ ಯಾವ ಲೆಕ್ಕನೂ ಮುಗಿಯಂಗಿಲ್ಲ." ಹಾಳೆಯನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಿಚಿ ನನ್ನ ಕೈಗೆ ಕೊಟ್ಟರು. "ಹಾಕೂದಿದ್ರ ಹಾಕ್ರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ನಾಳಿ ಆ ಹುಡುಗಿಗೆ ಉತ್ತರ ಕೊಟ್ಟು ಆಮ್ಯಾಲ ಹಾಕ್ರಿ. ಗಾಳೀನ ಅರ್ಧಕ್ಕ ಬಿಟ್ಟು ಹೋಗಬ್ಯಾಡ್ರಿ."

ಮರುದಿನ ಕ್ಲಾಸಿಗೆ ಹೋಗಿ, "ನಿನ್ನೆ ನಾನು ಕಲ್ಲು ಮ್ಯಾಲಕ ಒಗೀರಿ ಅಂದು ಕೆಳಗ ಒಗದಿದ್ದೆ. ಗಾಳಿ ಗೀಳಿ ಏನಿಲ್ಲ. ತಪ್ಪು ನಂದು" ಎಂದೆ. ನೆಲ ಬಿರಿಯಲಿಲ್ಲ. ಗೆರೆ ಎಳೆದು ಮತ್ತೆ ಮಾಡಿದೆ. ಮೈನಸ್ ಎರಡು ಬಂದಾಗ ಹೊಡೆದು ಹಾಕದೆ, "ಇದು ಏನು ಹೇಳಾಕತ್ತದ?" ಎಂದು ಕೇಳಿದೆ. ಬಾಗಲವಾಡದ ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಗಂಟೆ ಬಾರಿಸಿದ ಮೇಲೆ ಹತ್ತಿರ ಬಂದು, "ಸರ, ನಿನ್ನೇನ ನಮಗ ಗೊತ್ತಿತ್ರಿ ಅದು ಗಾಳಿ ಅಲ್ಲಂತ. ನೀವು ಹೇಳತೀರೋ ಇಲ್ಲೋ ಅಂತ ನೋಡಾಕತ್ತಿದ್ವಿ" ಎಂದಳು.

ಆ ದಿನ ತಾರೀಖು ಹಾಕಲಿಲ್ಲ. ಮರುದಿನ ಹಾಕಬಹುದಲ್ಲ ಎಂದುಕೊಂಡೆ. ಹೀಗೆ ಒಂದು ವರ್ಷ ಮರುದಿನಗಳೇ ಆದವು. ಆ ವರ್ಷವೆಲ್ಲ ಮೇಡಂ ಆ ಹಾಳೆಯ ಮಾತನ್ನು ಎತ್ತಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದ್ದುಕೊಂಡು ವೇದಿಕೆಯಿಂದ ಇಳಿದವರು ನನ್ನ ಜೇಬಿನತ್ತ ಒಮ್ಮೆ ನೋಡಿ, "ಅದಾ ಏನ್ರಿ ಇನ್ನಾ?" ಎಂದರು. "ಅದರಿ" ಎಂದೆ. "ಇರಲಿ. ಹಿಂದಿನ ಮಗ್ಗಲಾಗ ಛಲೋ ಲೆಕ್ಕ ಅದ" ಎಂದರು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವರ ಜಾಗದಲ್ಲಿ ಯಾರೋ ಈರುಳ್ಳಿ ಚೀಲ ಇಟ್ಟಿದ್ದರು. ಸ್ಟ್ಯಾಂಡಿನಲ್ಲಿ ನಾನೂ ಒಂದು ಮೋಸಂಬಿ ಕೊಂಡಿದ್ದೆ. ಯಾರಾದರೂ ನೋಡಿದರೆ ಏನಂದಾರು, ಯಾರದಾದರೂ ತಲೆಗೆ ಬಿದ್ದರೆ ಗತಿ ಏನು ಎಂದು ಯೋಚಿಸುವಷ್ಟರಲ್ಲಿ ಊರೆಲ್ಲ ಹಿಂದೆ ಬಿದ್ದಿತ್ತು. ಕೊನೆಗೆ ಕಣ್ಣು ಮುಚ್ಚಿ ಚಿಮ್ಮಿದೆ. ಸರಿಯಾಗಿ ಆಗಲೇ ಡ್ರೈವರ್ ಬ್ರೇಕ್ ಒತ್ತಿದ. ಕಲ್ಲೂರು ಬಂದಿತ್ತು. ಬಸ್ಸು ನಿಂತಿತು, ನಾನು ಮುಂದಿನ ಸೀಟಿನ ಕಂಬಿ ಹಿಡಿದು ನಿಂತೆ. ಮೋಸಂಬಿ ನಿಲ್ಲಲಿಲ್ಲ. ನನ್ನ ತಲೆಯ ಮೇಲಿಂದ ಹಾರಿ, ನಾಲ್ಕು ಸೀಟು ದಾಟಿ, ಡ್ರೈವರನ ಗೇರಿನ ಹತ್ತಿರ ಹೋಗಿ ಬಿತ್ತು.

ಕಂಡಕ್ಟರ್ ಬಗ್ಗಿ ಅದನ್ನು ಎತ್ತಿಕೊಂಡು, ಅಂಗಿಗೆ ಒರೆಸಿ, ನನ್ನ ಕೈಗೆ ತಂದುಕೊಟ್ಟ. ದಿನದ ಹಾಗೆ ಬಾಗಿಲಿನ ಕಡೆಗೆ ಕೈ ತೋರಿಸಿ ಏನೋ ಅನ್ನಲು ಹೋದವನು, ಹಣ್ಣನ್ನೂ ನನ್ನನ್ನೂ ನೋಡಿ ತಡೆದ.

"ಸರ, ಇದಕ್ಕ ಕಲ್ಲೂರು ಬಂದದ್ದ ಗೊತ್ತಾಗಲಿಲ್ಲ ನೋಡ್ರಿ" ಎಂದು, ಸೀಟಿ ಊದಿದ.